ಬಿಟ್ಟುಹೋದ ನಾಲ್ಕನೆಯ ವಚನ

ಹುಬ್ಬಳ್ಳಿಯಿಂದ ಹೊರಟ ಗಾಡಿ ಯಲವಿಗಿ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಯುದ್ಧದ ಕಾಲವಾದ್ದರಿಂದ ಮೂರನೆಯ ದರ್ಜೆಯ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುಂದಗೋಳದವರೆಗೆ ನಿಂತೇ ಬಂದೆ. ಅಲ್ಲಿಂದ ಮುಂದೆ ನನ್ನ ಪುಸ್ತಕದ ಪೆಟ್ಟಿಗೆಯ ಮೇಲೆ ಕುಳಿತು ಬಂದೆ. ಪೆಟ್ಟಿಗೆಯಲ್ಲಿ ಮಾರಾಟಕ್ಕೆ ತಂದ ಸುವಾರ್ತೆಯ ಬಿಡಿ ಪ್ರತಿಗಳೂ ಹೊಸ ಮುದ್ರಣದ ಒಂದು ಸತ್ಯವೇದವೂ ಇದ್ದವು. ಕುಳಿತದ್ದು ಯಾವುದರ ಮೇಲೆ ಎಂಬ ವಿಚಾರ ಆಗ ನನ್ನ ತಲೆಗೆ ಬರಲಿಲ್ಲ. ಸವಣೂರಿನ ಸಾಬರ ಮುಂದೆ ಏನು ಹೇಳಬೇಕು, ಹೇಗೆ ಕೈಯೆತ್ತಿ ಹೇಳಬೇಕು ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ.

ಈ ಪ್ರಯಾಣಕ್ಕೆ ಕಾರಣ ನನ್ನ ಅಕ್ಕ. ರಾಹೇಲಕ್ಕ ಗಂಡ ತೀರಿಕೊಂಡ ಮೇಲೆ ಸವಣೂರಿನಲ್ಲಿ ಮನೆ ಮಾಡಿಕೊಂಡು ಹೆರಿಗೆ ಮಾಡಿಸುವ ಕೆಲಸ ಮಾಡುತ್ತಾಳೆ. ಪರದೆಯ ಮನೆಗಳಿಗೆಲ್ಲ ಅವಳೇ ನರ್ಸಬಾಯಿ. ಬಾಣಂತಿಯ ಹತ್ತಿರ ಕುಳಿತಾಗ ಹೆಂಗಸರು ಅವಳಿಂದ ಸುವಾರ್ತೆಯ ಕಥೆಗಳನ್ನು ಓದಿಸಿ ಕೇಳುತ್ತಾರೆ. ಅವರಿಗೆ ಬಹಳ ಇಷ್ಟವಾದದ್ದು ಯೋಹಾನನ ಐದನೆಯ ಅಧ್ಯಾಯದಲ್ಲಿರುವ ಕೊಳದ ಕಥೆ: ರೋಗಿಗಳು ದಂಡೆಯ ಮೇಲೆ ಕಾಯುತ್ತಾರೆ, ಆಗಾಗ ಒಬ್ಬ ದೇವದೂತ ಇಳಿದು ನೀರನ್ನು ಕಲಕುತ್ತಾನೆ, ಮೊದಲು ಇಳಿದವನಿಗೆ ವಾಸಿಯಾಗುತ್ತದೆ. ಅಕ್ಕ ಇದನ್ನು ಅಪ್ಪನ ಹಳೆಯ ಪುಸ್ತಕದಿಂದ ಓದುತ್ತಿದ್ದಳು. ಆ ಪುಸ್ತಕದ ಹಾಳೆಗಳು ಉದುರಿಹೋದ ಮೇಲೆ ನಾನು ಹೊಸ ಮುದ್ರಣದ್ದನ್ನು ಕಳಿಸಿಕೊಟ್ಟೆ. ಅದರಲ್ಲಿ ದೇವದೂತನಿಲ್ಲ. ಮೂರನೆಯ ವಚನವಾದ ಮೇಲೆ ಒಮ್ಮೆಲೇ ಐದನೆಯದು ಬರುತ್ತದೆ.

ಓದುವಾಗ ಇದನ್ನು ಮೊದಲು ಹಿಡಿದವರು ಹುಸೇನಸಾಬ ಮಾಸ್ತರರ ಹೆಂಡತಿ ಫಾತಿಮಾಬಿ. ಮಾಸ್ತರರು ಉರ್ದೂ ಶಾಲೆಯಲ್ಲಿ ಬಹಳ ವರ್ಷ ಕಲಿಸಿದವರು, ಅರಬ್ಬಿ ಬಲ್ಲವರು, ಊರಿನಲ್ಲಿ ದೊಡ್ಡ ಹೆಸರು. ಅವರ ಹೆಂಡತಿ ದೇವದೂತ ಎಲ್ಲಿ ಹೋದ ಎಂದು ಕೇಳಿದರೆ ಅಕ್ಕ ಮುಚ್ಚುಮರೆ ಮಾಡಲಿಲ್ಲ. ಹೊಸ ಪುಸ್ತಕದಲ್ಲಿ ಆ ಮಾತನ್ನು ಬಿಟ್ಟಿದ್ದಾರೆ, ಯಾಕೆ ಬಿಟ್ಟರೋ ತನಗೆ ಗೊತ್ತಿಲ್ಲ, ತನ್ನ ತಮ್ಮ ಉಪದೇಶಿ, ಅವನು ಬಂದು ತಿಳಿಸಿ ಹೇಳುತ್ತಾನೆ ಎಂದಳು. ಹಾಗಾದರೆ ತಮ್ಮ ಮನೆಯಲ್ಲೇ ನಾಲ್ಕು ಜನರ ಮುಂದೆ ಮಾತಾಗಲಿ ಎಂದು ಮಾಸ್ತರರು ಹೇಳಿದರು. ಹೀಗೆ ನನಗೆ ಕರೆ ಬಂತು.

ಉತ್ತರ ನನಗೆ ಗೊತ್ತಿತ್ತು. ಉಪದೇಶಿಗಳ ಪಾಠಶಾಲೆಯಲ್ಲಿ ನಮ್ಮ ಗುರುಗಳು ಇದನ್ನು ಬಿಡಿಸಿ ಹೇಳಿದ್ದರು. ಎಲ್ಲಕ್ಕಿಂತ ಹಳೆಯ ಕೈಬರಹದ ಪ್ರತಿಗಳಲ್ಲಿ ಆ ವಚನ ಇಲ್ಲ. ಯಾರೋ ಒಬ್ಬರು ಅರ್ಥವಾಗಲೆಂದು ಅಂಚಿನಲ್ಲಿ ಬರೆದದ್ದನ್ನು ಮುಂದೆ ನಕಲು ಮಾಡಿದವರು ಒಳಗೆ ಸೇರಿಸಿರಬೇಕು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಮುಸಲ್ಮಾನರ ಮುಂದೆ ಇದನ್ನು ಹೇಳಿದರೆ ಅವರ ಕೈಗೆ ನಾವೇ ಬಡಿಗೆ ಕೊಟ್ಟಂತಾಗುತ್ತದೆ ಎಂದು ನಾನು ಹೆದರಿದೆ.

ಯಲವಿಗಿಯಿಂದ ಟಾಂಗಾ ಮಾಡಿಕೊಂಡೆ. ಕುದುರೆಗೆ ಹುರುಳಿ ಸಿಗುತ್ತಿಲ್ಲವೆಂದು ಟಾಂಗಾದವನು ದಾರಿಯುದ್ದಕ್ಕೂ ಗೋಳಾಡಿದ. ನವಾಬರ ಊರಾದ ಸವಣೂರಿನ ಎಲೆಬಳ್ಳಿಯ ತೋಟಗಳು ಕಂಡಾಗ ಕಣ್ಣು ತಂಪಾಯಿತು. ಅಕ್ಕ ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡಿಟ್ಟಿದ್ದಳು. ನಾನು ಉಣ್ಣುತ್ತಿರುವಾಗಲೇ ವಿಷಯ ತೆಗೆದಳು.

"ಆ ವಚನ ಯಾಕ ಬಿಟ್ಟಾರ ಅಂತ ಸಂಜಿಗೆ ಎಲ್ಲಾರ ಮುಂದ ಹೇಳ್ತೀ ಹೌದಿಲ್ಲೋ ತಮ್ಮಾ?"

"ಅದನ್ನ ಅಲ್ಲಿ ಎತ್ತಬ್ಯಾಡ ಅಕ್ಕಾ. ಅವ್ರಿಗೆ ಬೇಕಾಗಿದ್ದು ಅದ."

"ನಾ ಆಗ್ಲೇ ಹೇಳಿಬಿಟ್ಟೇನಿ. ಆ ಮನಿಗಳಾಗ ನನ್ನ ಮಾತ ನಂಬಿ ಹೆಣ್ಮಕ್ಕಳ ಜೀವಾ ನನ್ನ ಕೈಯಾಗ ಕೊಡ್ತಾರ. ನನ್ನ ಮಾತ ಸುಳ್ಳಾಗಬಾರ್ದು."

"ನೋಡೂಣಂತ," ಎಂದು ಮತ್ತೊಂದು ರೊಟ್ಟಿ ಹಾಕಿಸಿಕೊಂಡೆ.

ಸಂಜೆ ಮಾಸ್ತರರ ಪಡಸಾಲೆ ತುಂಬಿತ್ತು. ಎಲೆ ವ್ಯಾಪಾರದವರು, ಅತ್ತರಿನ ಅಂಗಡಿಯವರು, ಪಕ್ಕದ ಓಣಿಯ ನಾಲ್ಕೈದು ಲಿಂಗವಂತ ಹಿರಿಯರೂ ಬಂದಿದ್ದರು. ಒಳಗಿನ ಬಾಗಿಲಿಗೆ ಪರದೆ. ಅದರ ಹಿಂದೆ ಹೆಂಗಸರು, ಅವರ ನಡುವೆ ನನ್ನ ಅಕ್ಕ. ಮಾಸ್ತರರು ಕೈಕಾಲು ತೊಳೆದು ಬಂದು ಗೂಡಿನಿಂದ ಹಸಿರು ಬಟ್ಟೆಯ ಗಂಟೊಂದನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಪೆಟ್ಟಿಗೆಯಿಂದ ಕೈಚೀಲಕ್ಕೆ ಹಾಕಿಕೊಂಡು ತಂದಿದ್ದ ಸತ್ಯವೇದವನ್ನು ಹೊದಿಕೆ ಪಂಚೆಗಳ ಅಡಿಯಿಂದ ಎಳೆದು ತೆಗೆದು ನೆಲದ ಮೇಲೆ ಇಟ್ಟೆ. ಅವರು ಅದನ್ನು ನೋಡಿ, ಒಂದು ಮಣೆ ತರಿಸಿ ಅದರ ಮೇಲೆ ಇಡಿಸಿದರು.

"ಇದರಾಗ ಅಲ್ಲಾನ ಮಾತು ಎಷ್ಟು ಉಳದೈತಿ ನಮಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನೆಲದ ಮ್ಯಾಲ ಇಡಬಾರ್ದು ನೋಡ್ರಿ," ಎಂದರು.

ಮಾತು ಚೆನ್ನಾಗಿಯೇ ನಡೆಯಿತು. ಇಂಜೀಲು, ಅಂದರೆ ಸುವಾರ್ತೆ, ಈಸಾ ಪೈಗಂಬರರ ಮೇಲೆ ಇಳಿದ ಒಂದೇ ಕಿತಾಬು, ನಿಮ್ಮ ಕಡೆ ನಾಲ್ಕು ಮಂದಿ ಬರೆದ ನಾಲ್ಕಿವೆ, ಇಳಿದದ್ದು ಎಲ್ಲಿ ಹೋಯಿತು ಎಂದು ಅವರು ಕೇಳಿದರು. ನಮ್ಮಲ್ಲಿ ಪುಸ್ತಕ ಇಳಿದು ಬರಲಿಲ್ಲ, ಯೇಸುವೇ ದೇವರ ವಾಕ್ಯವಾಗಿ ಬಂದನು, ಆತನನ್ನು ಕಂಡವರೂ ಕಂಡವರಿಂದ ಕೇಳಿದವರೂ ಆತ್ಮನ ಪ್ರೇರಣೆಯಿಂದ ಬರೆದರು, ನಾಲ್ಕು ಜನರ ಸಾಕ್ಷಿ ಒಬ್ಬನ ಸಾಕ್ಷಿಗಿಂತ ಗಟ್ಟಿ ಎಂದೆ. ಅವರು ತಲೆದೂಗಿದರು, ಒಪ್ಪಲಿಲ್ಲ.

"ನಮ್ಮ ಖುರಾನಿನ ಪುಸ್ತಕ ಎಲ್ಲಾ ಸುಟ್ಟು ಹೋದ್ರೂ ಈ ಓಣ್ಯಾಗ ಬಾಯಿಪಾಠ ಹೇಳಿ ಬರಸೋರು ಅದಾರ. ನಿಮ್ಮ ಕಡೆ?"

"ನಮ್ಮ ಕಡೆ ಬಾಯಿಪಾಠದೋರು ಕಡಿಮಿ ಖರೇರಿ. ಆದ್ರ ಹಳೇ ಪ್ರತಿಗಳು ದೇಶ ದೇಶದಾಗ ಅದಾವು. ಅಷ್ಟೂ ಪ್ರತಿ ಕೂಡ್ಸಿ ಯಾರಿಗೆ ತಿದ್ದಾಕ ಆಗ್ತೈತ್ರಿ?"

ಸಭೆಯಲ್ಲಿ ಒಂದಿಬ್ಬರು ಶಹಬ್ಬಾಸ್ ಎಂದರು. ನನಗೆ ಹುರುಪು ಬಂತು. ಆಗ ಮಾಸ್ತರರು ಮೆಲ್ಲಗೆ ಕೇಳಿದರು:

"ಹಂಗಾದ್ರ ಉಪದೇಶಿಗಳ, ನಿಮ್ಮ ಕಿತಾಬಿನಾಗ ಯಾರೂ ಏನೂ ಕೂಡಿಸಿಲ್ಲ, ಏನೂ ತಗದಿಲ್ಲ ಅಂತೀರೇನು?"

ಇದೇ ಆ ಹೊತ್ತು. ಅಕ್ಕ ನನ್ನನ್ನು ಕರೆಸಿದ್ದೇ ಇದಕ್ಕೆ. ಪರದೆಯ ಹಿಂದೆ ಬಳೆಗಳ ಸಪ್ಪಳ ಕೂಡ ನಿಂತಿತ್ತು. ನಾನು ಗಾಡಿಯಲ್ಲಿ ಅಭ್ಯಾಸ ಮಾಡಿದಂತೆ ಕೈಯೆತ್ತಿ ಹೇಳಿದೆ: "ಒಂದ ಅಕ್ಷರ ಸುದ್ದಾ ಇಲ್ರಿ. ಅಂದು ಹೆಂಗಿತ್ತೋ ಇಂದೂ ಹಂಗ ಐತಿ."

ಮಾಸ್ತರರು ತೊಡೆಯ ಮೇಲಿದ್ದ ಗಂಟನ್ನು ಬಿಚ್ಚತೊಡಗಿದರು. ಒಳಗೆ ಮಾಸಿದ ರಟ್ಟಿನ ಯೋಹಾನನ ಸುವಾರ್ತೆ. ನೋಡಿದ ಕೂಡಲೇ ಗುರುತು ಹತ್ತಿತು. ನಮ್ಮ ಅಪ್ಪ ಸಂತೆ ಸಂತೆ ತಿರುಗಿ ಹಂಚುತ್ತಿದ್ದ ಹಳೆಯ ಮುದ್ರಣ ಅದು. ಅದರಲ್ಲಿ ನಾಲ್ಕನೆಯ ವಚನ ಇದೆ. ಅದು ಇದೆಯೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಪರದೆಯ ಕಡೆ ನೋಡಿದರು. ಆಮೇಲೆ ಗಂಟನ್ನು ಮತ್ತೆ ಕಟ್ಟಿದರು.

"ಸಾಕ್ರಿ ಇವತ್ತಿಗೆ. ಅನ್ನ ಆರಾಕತ್ತೈತಿ, ಏಳ್ರಿ," ಎಂದರು.

ಮಾಸ್ತರರು ನಿರುತ್ತರರಾದರೆಂದು ಜನ ತಿಳಿದರು. ಒಬ್ಬ ನನ್ನ ಬೆನ್ನು ತಟ್ಟಿದ. ಮಾಸ್ತರರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಳ್ಳೊಳ್ಳೆಯ ಮಾಂಸದ ತುಂಡುಗಳನ್ನು ಆರಿಸಿ ಬಡಿಸಿದರು. ಅಷ್ಟು ನಾಚಿಕೆಯಿಂದ ನಾನು ಯಾವ ಮನೆಯಲ್ಲೂ ಉಂಡಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ಬುತ್ತಿ ಕಟ್ಟಿ ಕೊಟ್ಟಳು. ಚಟ್ನಿಯ ಡಬ್ಬಿ ಸೋರುತ್ತದೆ, ನೆಟ್ಟಗೆ ಹಿಡಿ ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ.

ಮುಂದೆ ಶಿಗ್ಗಾಂವಿಗೆ ಮೋಟಾರಿನಲ್ಲಿ ಹೋದೆ. ಪೆಟ್ರೋಲಿಲ್ಲದೆ ಈಗ ಇದ್ದಲಿ ಸುಟ್ಟು ಓಡಿಸುವ ಮೋಟಾರು. ಏರು ಬಂದಲ್ಲೆಲ್ಲ ಎಲ್ಲರೂ ಇಳಿದು ನೂಕಬೇಕು. ನಾನೂ ಇಳಿಯಲು ಹೋದರೆ ಡ್ರೈವರ ಬಿಡಲಿಲ್ಲ. "ನೀವು ಕುಂಡ್ರಿ ಉಪದೇಶಿಗಳ. ಸವಣೂರಾಗ ಮಾಸ್ತರ್ನ ಮಾತಿನಾಗ ಕಟ್ಟಿ ಹಾಕಿದವ್ರು ನೀವ ಅಲ್ಲೇನ್ರಿ?" ಎಂದ. ಉಳಿದವರು ನೂಕಿದರು, ನಾನು ಮೇಲೆ ಕುಳಿತೆ. ಶಿಗ್ಗಾಂವಿಯ ಸಂತೆಯಲ್ಲಿ ನನ್ನ ಬಿಡಿ ಪ್ರತಿಗಳು ಎಂದೂ ಹೋಗದಷ್ಟು ಹೋದವು. ಎಲ್ಲರಿಗೂ ಗೆದ್ದವನ ಕೈಯಿಂದಲೇ ಪುಸ್ತಕ ಬೇಕಿತ್ತು.

ಹಾನಗಲ್ಲಿನಲ್ಲಿ ಮಳೆ ಹಿಡಿಯಿತು. ಮಾಸ್ತರರನ್ನು ಚಿಕ್ಕಂದಿನಿಂದ ಬಲ್ಲ ಅಕ್ಕಿ ವ್ಯಾಪಾರಿ ಚನ್ನಬಸಪ್ಪನವರ ಅಂಗಡಿಯಲ್ಲಿ ನಿಂತೆ. ಅವರು ಚಹಾ ತರಿಸಿ, ಸುದ್ದಿ ಕೇಳಿ ಹುಬ್ಬು ಗಂಟಿಕ್ಕಿದರು.

"ಹುಸೇನಸಾಬ ಸುಮ್ಮನಾದ್ರ? ಅವ್ರು ಸುಮ್ಮನಾಗೋ ಮಂದಿ ಅಲ್ಲ. ಅಲ್ಲೇ ಊಟಕ್ಕ ಹೇಳಿದ್ರೇನು ನಿಮಗ?"

"ಹೇಳಿದ್ರು."

"ಹಾಂ, ಅದಕ್ಕ. ತಮ್ಮ ಮನಿ ಅನ್ನಕ್ಕ ಕರದ ಮನಷ್ಯಾನ ಮಾರಿ ಮಂದ್ಯಾಗ ತಗ್ಗಸಂಗಿಲ್ಲ ಅವ್ರು. ಅವ್ರ ಅಪ್ಪನ ಕಾಲದಿಂದ ಆ ಮನಿ ಪದ್ಧತಿ ಅದು. ನಾಳಿ ನೀವು ಹೊರಗ ಸಿಕ್ಕ್ರ ನೋಡ್ರಿ ಮತ್ತ!" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮಳೆ ನಿಲ್ಲುವ ಮೊದಲೇ ಅಲ್ಲಿಂದ ಎದ್ದೆ.

ಹಿರೇಕೆರೂರಿನಲ್ಲಿ ನಮ್ಮವರ ಮನೆಗಳು ನಾಲ್ಕಾರು ಮಾತ್ರ. ಸುದ್ದಿ ನನಗಿಂತ ಮೊದಲೇ ಹೋಗಿ ಕುಳಿತಿತ್ತು. ಮೋಟಾರಿನಿಂದ ಇಳಿಯುತ್ತಲೇ ಸೇವಂತಿಗೆಯ ಹಾರ ಹಾಕಿದರು. ಹಿರಿಯರೊಬ್ಬರು ಕಣ್ಣೊರೆಸಿಕೊಂಡು, ಇನ್ನು ಮೇಲೆ ಈ ಸೀಮೆಯಲ್ಲಿ ನಮ್ಮನ್ನು ಯಾರೂ ಹೀಯಾಳಿಸಲಾರರು ಎಂದರು. ಆಗಲಾದರೂ ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ಹಾರಕ್ಕೆ ಕುತ್ತಿಗೆ ಮಾತ್ರ ತಾನಾಗಿಯೇ ಬಾಗಿತು. ಆ ಹಿರಿಯರ ಮುಖ ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ.

ಅಲ್ಲಿಂದ ಹಾವೇರಿಗೆ ಬಂದು ಹುಬ್ಬಳ್ಳಿಗೆ ಟಿಕೀಟು ತೆಗೆಸಿದೆ. ಆದರೆ ಗಾಡಿ ಯಲವಿಗಿಯಲ್ಲಿ ನಿಂತಾಗ ಕುಳಿತಿರಲು ಆಗಲಿಲ್ಲ. ಪೆಟ್ಟಿಗೆಯನ್ನು ಸ್ಟೇಷನ್ನಿನವರ ಹತ್ತಿರ ಇಟ್ಟು ಸವಣೂರಿಗೆ ಹೋದೆ. ಅಕ್ಕನ ಮನೆಗೆ ಬೀಗ. ಹತ್ತಿಮತ್ತೂರಿಗೆ ಹೆರಿಗೆಗೆ ಹೋಗಿದ್ದಾಳೆಂದು ನೆರೆಯವರು ಹೇಳಿದರು. ನೆಟ್ಟಗೆ ಮಾಸ್ತರರ ಮನೆಗೆ ನಡೆದೆ.

"ಅವತ್ತ ನಾ ಸುಳ್ಳ ಹೇಳಿದ್ನಿ ಮಾಸ್ತರ್ರ," ಎಂದೆ, ಕುಳಿತುಕೊಳ್ಳುವ ಮೊದಲೇ.

"ನನಗ ಗೊತ್ತಿದ್ದದ್ದನ್ನ ನನಗ ಯಾಕ ಹೇಳ್ತೀರಿ? ಅಲ್ಲಿ ಹೇಳ್ರಿ," ಎಂದು ಪರದೆಯ ಕಡೆ ಕೈ ತೋರಿಸಿದರು.

ಪರದೆಯ ಹಿಂದೆ ಯಾರಿದ್ದರೋ ಇಲ್ಲವೋ ತಿಳಿಯದು. ಬಟ್ಟೆಯನ್ನೇ ನೋಡುತ್ತ ಹೇಳಿದೆ: "ನನ್ನ ಅಕ್ಕ ಹೇಳಿದ್ದ ಖರೇರಿ. ಹೊಸಾ ಪುಸ್ತಕದಾಗ ಆ ಮಾತು ಇಲ್ಲ. ನನಗ ಗೊತ್ತಿದ್ದೂ ಏನೂ ತಗದಿಲ್ಲಂದ್ನಿ."

ಒಳಗಿನಿಂದ ಫಾತಿಮಾಬಿಯವರ ದನಿ ಬಂತು. "ಅವತ್ತ ಹೆಂಗಸ್ರು ನಿಮ್ಮ ಅಕ್ಕನ್ನ ಕೇಳಿದ್ರು, ನಿನ್ನ ತಮ್ಮ ಹಿಂಗಂದ್ನಲ್ಲ, ನೀ ಹೇಳಿದ್ದು ಸುಳ್ಳೇನು ಅಂತ. ಆಕಿ, ನಾನ ತಪ್ಪಿ ಓದಿರಬೇಕವಾ ಅಂದ್ಲು. ನಿಮ್ಮ ಮಾನಾ ಉಳಸಾಕ ಅಂದ್ಲು. ನಮ್ಮಾಗ ಒಬ್ಬಾಕಿನೂ ನಂಬಲಿಲ್ಲ. ನಮ್ಮ ಮಕ್ಕಳನ್ನ ಭೂಮಿಗೆ ಇಳಿಸಿದ ಕೈ ಅದು, ಹಂಗೆಲ್ಲ ತಪ್ಪಂಗಿಲ್ಲ."

ಮಾಸ್ತರರು ನೀರು ತರಿಸಿ ಕೊಟ್ಟು, ಈಗಾದರೂ ಹೇಳಿ, ಯಾಕೆ ಬಿಟ್ಟರು ಎಂದರು. ಅಂಚಿನ ಬರಹದ ವಿಷಯವನ್ನೆಲ್ಲ ಹೇಳಿದೆ.

"ಅಂದ್ರ ಯಾರೋ ಕೂಡಿಸಿದ್ರು ಅಂತ ಒಪ್ಪಿದ್ರಿ."

"ಒಪ್ಪಿದ್ನಿ. ಕೂಡಿಸಿದ್ದನ್ನ ಹುಡುಕಿ ಹೊರಗಿಟ್ಟವ್ರೂ ನಮ್ಮವ್ರ ಅನ್ನೋದನ್ನ ನೀವು ಒಪ್ಪಬೇಕು."

"ಅದನ್ನ ಒಪ್ಪತೇನಿ. ಪೂರಾ ಕಿತಾಬನ್ನ ಒಪ್ಪಂಗಿಲ್ಲ," ಎಂದು ಮಾಸ್ತರರು ನಕ್ಕರು. "ಆದ್ರ ಅವತ್ತ ನೀವು ಇಷ್ಟ ಹೇಳಿದ್ರ, ನಿಮ್ಮ ಕಿತಾಬಿನ ಮ್ಯಾಲ ನನ್ನ ಗೌರವ ಆ ಮಂದಿ ಮುಂದನ ಹೆಚ್ಚತಿತ್ತು. ನೀವು ಅದನ್ನ ಕಾಯಾಕ ಹೋಗಿ ಅದಕ್ಕ ಮಸಿ ಹಚ್ಚಿದ್ರಿ."

ಸಂಜೆಯ ಗಾಡಿಗೆ ಯಲವಿಗಿಗೆ ಮರಳಿದೆ. ಸ್ಟೇಷನ್ನಿನ ಹೊರಗೆ ಬೇವಿನ ಮರದ ಕೆಳಗೆ ಒಂದು ಎತ್ತಿನ ಚಕ್ಕಡಿ ನಿಂತಿತ್ತು. ಅದರಲ್ಲಿ ಅಕ್ಕ ಕುಳಿತಿದ್ದಳು. ಹತ್ತಿಮತ್ತೂರಿನಿಂದ ಬರುತ್ತ ಎತ್ತುಗಳಿಗೆ ನೀರು ಕುಡಿಸಲು ನಿಂತಿದ್ದರಂತೆ. ನಿದ್ದೆಗೆಟ್ಟು ಅವಳ ಮುಖ ಬಾಡಿತ್ತು. ಮಾಸ್ತರರ ಮನೆಗೆ ಹೋಗಿ ಎಲ್ಲ ಹೇಳಿ ಬಂದೆನೆಂದು, ಹಗುರಾದ ದನಿಯಲ್ಲೇ ತಿಳಿಸಿದೆ.

ಅಕ್ಕ ಕೆಳಗೆ ಇಳಿಯಲಿಲ್ಲ. "ಚಲೋ ಆತು," ಎಂದಳು. ಆಮೇಲೆ ಕೇಳಿದಳು: "ಗೊತ್ತಿದ್ದೋರ ಮುಂದ ಹೇಳಿ ಬಂದಿ. ಹಿರೇಕೆರೂರಾಗ ಹಾರ ಹಾಕಿದ್ರಂತಲ್ಲ, ಅವ್ರಿಗೆ ಹೇಳಿದಿ?"

ಅಷ್ಟರಲ್ಲಿ ಗಾಡಿ ಬಂತು. ಪೆಟ್ಟಿಗೆಯನ್ನು ಸೀಟಿನ ಮೇಲಿಟ್ಟು ನಾನು ನಿಂತುಕೊಂಡೆ. ಕಿಟಕಿಯಿಂದ ನೋಡಿದರೆ ಚಕ್ಕಡಿ ಆಗಲೇ ಸವಣೂರಿನ ಹಾದಿ ಹಿಡಿದಿತ್ತು. ಅಕ್ಕ ಹಿಂತಿರುಗಿ ನೋಡಲಿಲ್ಲ.

ನಾನು ಇದನ್ನು ಬರೆಯುತ್ತಿರುವ ನಮ್ಮ ಸಭೆಯ ಈ ಪತ್ರಿಕೆ ಹಿರೇಕೆರೂರಿಗೂ ಹೋಗುತ್ತದೆ. ಅಲ್ಲಿ ಆದಿತ್ಯವಾರ ಆರಾಧನೆ ಮುಗಿದ ಮೇಲೆ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಹಾರ ಹಾಕಿದ ಆ ಹಿರಿಯರಿಗೆ ಕಣ್ಣು ಮಂದ, ಸ್ವತಃ ಓದಲಾರರು. ದಯವಿಟ್ಟು ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಇದರಲ್ಲಿ ಒಂದು ಮಾತನ್ನೂ ಬಿಡದೆ ಓದಿ ಹೇಳಬೇಕು.