ಆಚೆ ದಂಡೆಗೆ ಕೇಳುವ ಭೋಂಗಾ

ಗೋಕಾಕದ ಹೊಳೆದಂಡೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಲಗಮಣ್ಣನಿಗೆ ಯಾವ ಊರಿನ ಭೋಂಗಾದ ಸದ್ದೂ ಸಾಲದು. ಹೊಳೆ ಏರಿದಾಗ ಕೂಗಬೇಕಾದ ಈ ಸೈರನ್ನನ್ನು ಪಂಚಾಯತಿಯವರು ಬರೀ ಎಣ್ಣೆ ಬಿಡಲು ತಂದರೂ, ಅವನು ಮೋಟಾರಿನ ವೇಗ ಹೆಚ್ಚಿಸಿ, ಅದರ ಬಾಯಿಗೆ ತಗಡಿನ ಉದ್ದನೆಯ ತುತ್ತೂರಿ ಬೆಸೆದೇ ಕೊಡುವುದು. ಕೂಗಿಸಿ ನೋಡುವ ದಿನ ಓಣಿಯ ಎಮ್ಮೆಗಳು ಹಗ್ಗ ಹರಿದುಕೊಳ್ಳುತ್ತವೆ. "ಸಾಕ ಮಾಡೊ ಯಪ್ಪಾ, ಕಿವಿ ಗುಂಯ್ ಅನ್ನಾಕತ್ತಾವು" ಎಂದು ಎದುರು ಮನೆಯ ಹಣಮವ್ವ ಬೈಯುತ್ತಾಳೆ. ಅವನು ಅದಕ್ಕೆ ಗಮನ ಕೊಡದೆ ಆಚೆ ದಂಡೆಯ ಕುರಿಗಾರನಿಗೆ ಫೋನು ಹಚ್ಚುತ್ತಾನೆ: "ಕಾಕಾ, ಕುರಿ ತಲಿ ಎತ್ತಿದ್ವೇನ್ರಿ?" ಇಲ್ಲವೆಂದರೆ ಮತ್ತೆ ಬಿಚ್ಚಲು ಕೂರುತ್ತಾನೆ. ಹಿಂದಿನ ಮಹಾಪೂರದಲ್ಲೂ ಭೋಂಗಾ ಕೂಗಿತ್ತು. ಈಚೆ ದಂಡೆಯವರೆಲ್ಲ ಕೇಳಿ ಗುಡ್ಡ ಹತ್ತಿದರು, ಲಗಮಣ್ಣನೂ ಹತ್ತಿದ. ಆಚೆ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಅವನ ತಮ್ಮ ಮಾಳುವಿಗೆ ಕೇಳಿಸಿರಲಿಲ್ಲ.