ಉಡ ಹೊಡೆದ ಏಟು

ಬರಗಾಲದಲ್ಲಿ ಕೆಲಸ ಹುಡುಕಿಕೊಂಡು ಔರಾದದಿಂದ ಬೀದರಿಗೆ ಹೊರಟವರು ದಾರಿಯ ಬೇವಿನ ನೆರಳಿಗೆ ಕುಳಿತಿದ್ದೆವು. ಮಾರುದ್ದದ ಉಡವೊಂದು ಸೀಳುನಾಲಿಗೆ ಚಾಚುತ್ತ, ನೆಲ ಮೂಸುತ್ತ ಬಂತು. ಹೆಂಡತಿ ಕಾಶೀಬಾಯಿ ಗಾಬರಿಯಾಗಿ ಎದ್ದಳು. ಪಟ್ಟನೆ ಅವಳ ಕಾಲಿಗೆ ಏಟು ಬಿತ್ತು; ಉಡ ಕಡಿದೇಬಿಟ್ಟಿತು ಅಂದುಕೊಂಡೆ. ಉಡ ಕಡಿದವರಿಗೆ ನೀರು ಕುಡಿಸಿದರೆ ಜೀವ ಹೋಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಅವಳ ಕೈಯಲ್ಲಿದ್ದ ನೀರಿನ ಚೆಂಬನ್ನು ನಾನೇ ಕಸಿದುಕೊಂಡೆ.

ಅಲ್ಲೇ ಕುರಿ ಕಾಯುತ್ತಿದ್ದ ಮುದುಕ ಬಂದು ಕಾಲು ನೋಡಿ ನಕ್ಕ. "ಹಲ್ಲಿನ ಗುರ್ತು ಎಲ್ಲದ ತಮ್ಮಾ? ಬಾಲದಿಂದ ಹೊಡದದ. ಅದಕ್ಕ ನಿನ್ನ ಹೆಂಡ್ತಿ ಯಾಕ ಬೇಕು, ಇಲಿ ಬೇಕು. ನೀರು ಕೊಡು ಮೊದಲ."

ಅಷ್ಟರಲ್ಲಿ ಉಡ ಬದುವಿನ ಬಿಲ ಕೆದರಿ, ಇಲಿಯನ್ನು ಎಳೆದು ಇಡಿಯಾಗಿ ನುಂಗಿತು.

ಕಾಶೀಬಾಯಿ ಚೆಂಬು ಖಾಲಿ ಮಾಡಿದಳು. "ಉಡ ಬಿಟ್ಟರೂ ನೀವು ಬಿಡ್ತಿದ್ದಿಲ್ಲ ನೋಡ್ರಿ!"

ಎರಡನೆಯ ಚೆಂಬನ್ನು ನಾನೇ ತುಂಬಿಸಿ ಕೊಟ್ಟೆ.