ಮುಚ್ಚಳ ತೆರೆಯದ ಪೆಟ್ಟಿಗೆ

ಕೌದಿ ತೆಗೆಯಲು ಇವತ್ತು ತಗಡಿನ ಪೆಟ್ಟಿಗೆ ತೆರೆದೆ. ಡಾಂಬರು ಗುಳಿಗೆಯ ಘಾಟಿನ ಅಡಿಯಲ್ಲಿ ಹಳೆಯ ಬಣ್ಣದ ವಾಸನೆ ಇನ್ನೂ ಇದೆ. ಬೈಲಹೊಂಗಲದ ನಮ್ಮ ಅಂಗಡಿಯ ವಾಸನೆ ಅದು.

ಅಬ್ಬಾ ಅಲ್ಲಿ ಪೆಟ್ಟಿಗೆ ಮಾಡುತ್ತಿದ್ದರು. ಗಿರಾಕಿ ಬಂದರೆ ಬೆಲೆ ಹೇಳುವ ಮೊದಲು ಮುಚ್ಚಳ ತೆರೆದು, ಮುಚ್ಚಿ, ಸಪ್ಪಳ ಕೇಳಿಸುತ್ತಿದ್ದರು.

ಶಾಲೆಯ ರಜೆಯಲ್ಲಿ ನಾನು ಹಟ ಹಿಡಿದು ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಗೆರೆ ಎಳೆದು ಚಿತ್ರ ಮಾಡುವ ಸಾಫ್ಟ್‌ವೇರಿನಲ್ಲಿ ನಾನು ಬಿಡಿಸಿದ್ದೂ ಪೆಟ್ಟಿಗೆಯನ್ನೇ. ಒಂದು ಚೌಕಕ್ಕೆ ಆಳ ಕೊಟ್ಟು, ಒಂದೊಂದು ಫ್ರೇಮಿನಲ್ಲೂ ಚೂರುಚೂರು ತಿರುಗಿಸಿದೆ. ಫ್ರೇಮುಗಳನ್ನು ಒಟ್ಟಿಗೆ ಓಡಿಸಿದಾಗ ನಮ್ಮ ಅಂಗಡಿಯ ನೀಲಿ ಪೆಟ್ಟಿಗೆ ಪರದೆಯ ಮೇಲೆ ಗರಗರ ತಿರುಗಿತು. ಸರ್ ಖುಷಿಯಿಂದ ಅಬ್ಬಾರನ್ನು ಕರೆಸಿದರು.

"ನಿಮ್ಮ ಮಗಳು ಏನ್ ಮಾಡ್ಯಾಳ ನೋಡ್ರಿ."

ಅಬ್ಬಾ ಬಗ್ಗಿ ನೋಡಿದರು. ಮನೆಯ ಉರ್ದು ಬಿಟ್ಟು, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಕೇಳಿದರು. "ಮುಚ್ಚಳಾ ತಗದು ತೋರ್ಸು."

"ತಗಿಯಾಕ ಬರೂದಿಲ್ಲ ಅಬ್ಬಾ. ಬರೇ ತಿರಗತೈತಿ."

"ತಗಿಯಾಕ ಬರಲಾರದ್ದು ಎಂಥಾ ಪೆಟಗಿ? ಇದನ್ನ ಕಲಿಯಾಕ ದಿನಾ ಬರತಿಯೇನ?"

ಹುಡುಗರೆಲ್ಲ ನಕ್ಕರು. ಸರ್ ಕೂಡ ನಕ್ಕರು.

"ಸಾಕು, ನಡಿ ಮನಿಗೆ" ಎಂದರು ಅಬ್ಬಾ. ಅಲ್ಲಿಗೆ ನನ್ನ ಕ್ಲಾಸು ಮುಗಿಯಿತು.

ನನ್ನ ನಿಕಾಹ್‌ಗೆ ಈ ಪೆಟ್ಟಿಗೆಯನ್ನು ಅವರೇ ಮಾಡಿ, ಗುಲಾಬಿ ಬಿಡಿಸಿ ಕೊಟ್ಟರು. ಬೀಗರ ಎದುರು ಮುಚ್ಚಳ ತೆರೆದು, ಮುಚ್ಚಿ ತೋರಿಸಿದರು. ಎಲ್ಲರೂ ಹೊಗಳಿದರು.

ಇವತ್ತಿಗೂ ಅದು ಸಲೀಸಾಗಿ ತೆರೆಯುತ್ತದೆ. ತೆರೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕಂಪ್ಯೂಟರಿನಲ್ಲಿ ಮುಚ್ಚಳ ತೆರೆಯುವುದನ್ನು ಸರ್ ಮುಂದಿನ ವಾರ ಕಲಿಸುವವರಿದ್ದರು.